ಪ್ರೊಸೆಸರ್ ಬದಲಿಸಬೇಕೋ ಬ್ಯಾಡೋ: ಪಿಸಿ ಅಣ್ಣಾರ್ನ ಕೇಳ್ರಿ

ಅಡ್ಮಿನ್, ಹುಬ್ಬಳ್ಳಿ: ರಾತ್ರಿ 9ರಿಂದ ಪಿಸಿ ಅಣ್ಣಾರು ಉತ್ತರ ಕೊಡ್ತಾರ. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಹೆಸರು ಬರದು ಕೇಳ್ರಿ.

ರಾಣೇಬೆನ್ನೂರು ಗೇಮರ್: ಅಣ್ಣಾರ, ಐ5 9400ಎಫ್, ಜಿಟಿಎಕ್ಸ್ 1660 ಸೂಪರ್ ಐತ್ರಿ. ಪ್ರೊಸೆಸರ್ ಬದಲಿಸೋ ಟೈಮ್ ಬಂತೇನ್ರಿ?

ಪಿಸಿ ಅಣ್ಣ: ಆಫ್ಟರ್‌ಬರ್ನರ್ ಅನ್ನೋ ಕಾರ್ಡ್ ಮೇಲ ಕಣ್ಣಿಡೋ ಸಾಫ್ಟ್‌ವೇರ್ ಹಾಕ್ಕೊಂಡು, ಆಟ ಆಡುಮುಂದ ಕಾರ್ಡ್ ಎಷ್ಟು ಪರ್ಸೆಂಟ್ ದುಡೀತೈತಿ ನೋಡ್ರಿ. ವಿ-ಸಿಂಕ್ (ಆಟಾನ ಸ್ಕ್ರೀನಿನ ವೇಗಕ್ಕ ಕಟ್ಟಿಹಾಕೋದು), ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಲಿಮಿಟ್ ಎರಡೂ ಬಂದ್ ಇರ್ಲಿ. 95ರ ಮ್ಯಾಲಿದ್ರ ಪ್ರೊಸೆಸರ್‌ದ್ದು ತಪ್ಪಿಲ್ಲ, ರೊಕ್ಕ ಕಿಸೇದಾಗ ಇರ್ಲಿ.

ಗದಗ ಹುಡುಗ: ರೈಝನ್ 5 1600, ಬಿ350 ಬೋರ್ಡ್, 16 ಜಿಬಿ ಒಂದ ಸ್ಟಿಕ್. 1060 ತಗದು ಆರ್‌ಟಿಎಕ್ಸ್ 3060 ಹಾಕೀನ್ರಿ, 1080ಪಿ ಒಳಗ ಎಫ್‌ಪಿಎಸ್ ಏನೂ ಏರಿಲ್ಲ. ಆಟದಾಗ ಮಂದಿ ಇರೋ ಕಡೆ ಹೋದ್ರ ನಿಂತು ನಿಂತು ಓಡ್ತೈತಿ. ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್ 55 ಅಷ್ಟ ಅಂತೈತಿ. ಕಾರ್ಡ್ ಕೆಟ್ಟೈತೇನ್ರಿ?

ಪಿಸಿ ಅಣ್ಣ: ಕಾರ್ಡ್ ವಾಪಸ್ ಕೊಡಾಕ ಹೋಗಬ್ಯಾಡ್ರಿ. ಆ 55 ಅನ್ನೋದು 12 ಥ್ರೆಡ್‌ದ (ಪ್ರೊಸೆಸರ್ ಒಮ್ಮೆಗೇ ಓಡಸೋ ಕೆಲಸದ ಸಾಲು) ಸರಾಸರಿ. ಆಟದ ಮುಖ್ಯ ಕೆಲಸ ಒಂದೆರಡು ಥ್ರೆಡ್ ಮ್ಯಾಲ ಬೀಳ್ತೈತಿ. ಅವು ತುಂಬಿ ತುಳುಕಿದ್ರೂ ಉಳದವು ಖಾಲಿ ಕುಂತಿರ್ತಾವ. ಅದೇ ಜಾಗಾದಾಗ ನಿಂತು ರೆಸಲ್ಯೂಶನ್ 720ಕ್ಕ ಇಳಸ್ರಿ. ಎಫ್‌ಪಿಎಸ್ ಏರಲಿಲ್ಲಂದ್ರ ಕಾರ್ಡಿಗೆ ಕೆಲಸ ಕೊಡೋ ಪ್ರೊಸೆಸರ್‌ನ ಸೋತೈತಿ.

ಆದ್ರ ಪ್ರೊಸೆಸರ್‌ಕಿಂತ ಮೊದಲ ರ‍್ಯಾಮ್. ಒಂದ ಸ್ಟಿಕ್ ಅಂದ್ರ ಸಿಂಗಲ್ ಚಾನೆಲ್, ಡಾಟಾ ಓಡಾಡಾಕ ಒಂದ ದಾರಿ. ಅಂಥಾದ್ದ ಇನ್ನೊಂದು ತಂದು, ನಾಲ್ಕು ಸ್ಲಾಟಿದ್ರ ಪ್ರೊಸೆಸರ್ ಕಡಿಂದ ಎರಡನೇದು, ನಾಲ್ಕನೇದಕ್ಕ ಹಾಕ್ರಿ. ಬಯಾಸ್‌ದಾಗ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಎಕ್ಸ್‌ಎಂಪಿ ಅನ್ನೋ ಪೂರ್ತಿ ವೇಗದ ಸೆಟ್ಟಿಂಗ್ ಆನ್ ಮಾಡ್ರಿ, ಇಲ್ಲಂದ್ರ 3200ರ ರ‍್ಯಾಮ್ 2133ಕ್ಕೋ 2400ಕ್ಕೋ ತೆವಳ್ತಿರ್ತೈತಿ. 1600 ಅಷ್ಟು ತಡೀಲಿಲ್ಲಂದ್ರ 2933 ಇಡ್ರಿ.

ಆಮ್ಯಾಲೂ ನಿಂತು ನಿಂತು ಓಡಿದ್ರ ರೈಝನ್ 5 5600 ಹಾಕ್ರಿ. ಅದೇ ಎಎಂ4 ಸಾಕೆಟ್, ಅದೇ 65 ವ್ಯಾಟ್, ಪವರ್ ಸಪ್ಲೈ ಮುಟ್ಟೂದು ಬ್ಯಾಡ. 5500, 5600ಜಿ ಕೊಟ್ರ ತಗೋಬ್ಯಾಡ್ರಿ: ಅವುಕ್ಕ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಜೋರು ಮೆಮೊರಿ) 16 ಎಂಬಿ, 5600ಕ್ಕ 32. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದೈತಿ. ವಿಂಡೋಸ್ 11 ನಡಿಯೋ ಪ್ರೊಸೆಸರ್ ಪಟ್ಟಿಯೊಳಗ 1600 ಇಲ್ಲ, 5600 ಐತಿ.

ನನಗ ಹೆದರಿಕಿ ಬಯಾಸ್‌ದ್ದು. ಹಳೇ ಪ್ರೊಸೆಸರ್ ಕುಂತಾಗನ ಅಪ್‌ಡೇಟ್ ಮಾಡಬೇಕು, ಹೊಸಾದು ಹಾಕಿ ಮಾಡ್ತೀನಂದ್ರ ಸ್ಕ್ರೀನ್ ಬರೂದಿಲ್ಲ. ಸಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್‌ದಾಗ ಬೋರ್ಡಿನ ಪೂರ್ತಿ ಹೆಸರು ನೋಡಿ, ಕಂಪನಿ ಪಟ್ಟಿಯೊಳಗ 5600ರ ಮುಂದ ಬರದ ವರ್ಶನ್ ತಗೋರಿ. ಕೆಲವು ಬೋರ್ಡಿಗೆ ನಡುವಿನ ವರ್ಶನ್ ಒಂದು ಹತ್ತಿ ಮುಂದ ಹೋಗಬೇಕು. ಪೆನ್‌ಡ್ರೈವ್ ಫ್ಯಾಟ್32. ಯುಪಿಎಸ್ ಇರಲೇಬೇಕು, ನಡುವ ಕರೆಂಟ್ ಹೋದ್ರ ಬೋರ್ಡ್ ಸತ್ತಂಗ. ಬಿಟ್‌ಲಾಕರ್ (ವಿಂಡೋಸ್‌ದ ಡಿಸ್ಕ್ ಬೀಗ) ಆನ್ ಇದ್ರ ರಿಕವರಿ ಕೀ ಬರದಿಟ್ಕೊಂಡು ಸಸ್ಪೆಂಡ್ ಮಾಡ್ರಿ.

ಕೂಲರ್ ತಗಿಯೂಮುಂದ 10 ನಿಮಿಷ ಆಟ ಆಡಿ ಪ್ರೊಸೆಸರ್-ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಬೆಚ್ಚಗ ಮಾಡಿ, ಮಷೀನ್ ಬಂದ್ ಮಾಡಿ, ಎಡಕ್ಕ ಬಲಕ್ಕ ತಿರುವಿ ಎತ್ರಿ. ನೆಟ್ಟಗ ಜಗ್ಗಿದ್ರ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರ್ತೈತಿ, ಪಿನ್ ಬಾಗ್ತಾವ.

ಹಾವೇರಿ 27: ಫಾರ್ವರ್ಡ್: ಎಂಎಸ್‌ಕಾನ್ಫಿಗ್, ಬೂಟ್, ಅಡ್ವಾನ್ಸ್ಡ್‌ಕ್ಕ ಹೋಗಿ ನಂಬರ್ ಆಫ್ ಪ್ರೊಸೆಸರ್ಸ್ ಫುಲ್ ಮಾಡಿ, ಎಫ್‌ಪಿಎಸ್ ಡಬಲ್!! 10 ಗುಂಪಿಗೆ ಕಳಿಸಿ.

ಪಿಸಿ ಅಣ್ಣ: ಕಳಸಬ್ಯಾಡ್ರಿ. ಅದು ಇರೋದು ಕೋರ್ ಕಡಿಮಿ ಮಾಡಿ ಪರೀಕ್ಷಾ ಮಾಡಾಕ. ಟಿಕ್ ಇಲ್ಲದಾಗನ ವಿಂಡೋಸ್ ಎಲ್ಲಾ ಕೋರ್ ಬಳಸ್ತೈತಿ. ಈ ವಾರ ಮೂರನೇ ಸಲ ಬಂತಿದು.

ವಿದ್ಯಾನಗರ ಬಾಸ್: ಹಳೇ ಬೋರ್ಡಿಗೆ ರೊಕ್ಕ ಸುರಿಯೋದ್ಯಾಕ? ಸೀದಾ ಎಎಂ5, ಹೊಸಾ ಸಾಕೆಟ್‌ದ್ದ ತಗೋಲಿ.

ಧಾರವಾಡ ಪಿಸಿ: ಅದಕ್ಕ ಬೋರ್ಡ್ ಹೊಸಾದು, ಡಿಡಿಆರ್5 ಹೊಸಾದು. ಹಳೇ ರ‍್ಯಾಮ್ ಕುಂದ್ರೂದಿಲ್ಲ. ಅವನ ಕಡೆ ಇರೋದು 3060 ಮಾರಾಯಾ, 5090 ಅಲ್ಲ.

ವಿದ್ಯಾನಗರ ಬಾಸ್: ಎರಡು ವರ್ಷಕ್ಕ ಮತ್ತ ಬದಲಿಸ್ತಾನ, ನೋಡ್ತಿರು.

ಧಾರವಾಡ ಪಿಸಿ: ಆಗ ಬದಲಿಸ್ಲಿ. ನಿನ್ನ ಗಂಟೇನ ಹೋಗ್ತೈತಿ?

ವಿದ್ಯಾನಗರ ಬಾಸ್: ನಾ ಅಣ್ಣಾರ್ನ ಕೇಳೀನಿ. ನೀ ಸುಮ್ನ ಕುಂದ್ರು.

ಲಕ್ಷ್ಮೇಶ್ವರ: ಐ5 10400 ಬೋರ್ಡಿಗೆ 12400 ಕುಂದ್ರತೈತೇನ್ರಿ?

ಧಾರವಾಡ ಪಿಸಿ: ನೀ ಮೊದಲ ಎಎಂ5 ರೇಟು ಇಲ್ಲೆ ಹಾಕು, ಆಮ್ಯಾಲ ಮಾತಾಡು.

ನವಲಗುಂದ: ಸೆಕೆಂಡ್ ಹ್ಯಾಂಡ್ 5600 ಸಿಕ್ಕೈತಿ ಅಣ್ಣಾರ. ಏನ ನೋಡ್ಬೇಕ್ರಿ?

ಪಿಸಿ ಅಣ್ಣ: ಬೆಳಕಿಗೆ ಹಿಡದು ಪಿನ್ ಸಾಲು ಸಾಲಾಗಿ ನೋಡ್ರಿ. ಅಂಗಡ್ಯಾಗ ಮಷೀನಿಗೆ ಹಾಕಿಸಿ ಪ್ರೊಸೆಸರ್‌ನ ಪೂರ್ತಿ ದುಡಸಿ ಪರೀಕ್ಷಾ ಮಾಡೋ ಸಿನೆಬೆಂಚ್ 10 ನಿಮಿಷ ಓಡಸ್ರಿ. ಓಡಸಾಕ ಒಲ್ಲೆ ಅಂದ್ರ ತಗೋಬ್ಯಾಡ್ರಿ.

ಶಿಗ್ಗಾಂವಿ: ಲ್ಯಾಪ್‌ಟಾಪ್ ಪ್ರೊಸೆಸರ್ ಬದಲಿಸಬಹುದೇನ್ರಿ?

ಪಿಸಿ ಅಣ್ಣ: ಈಗಿನವುಕ್ಕ ಆಗೂದಿಲ್ಲ. ಬೆಸುಗಿ ಹಾಕಿರ್ತಾರ.

ಕುಂದಗೋಳ ಗೇಮರ್: ರೈಝನ್ 5 3600, 3060. ಬದಲಿಸೋ ಟೈಮ್ ಬಂತೇನ್ರಿ?

ಪಿಸಿ ಅಣ್ಣ: ಮ್ಯಾಲ ಓದ್ರಿ. 720.

ಹಾವೇರಿ 27: ಪೇಸ್ಟ್ ಇಲ್ಲಂದ್ರ ಹಲ್ಲಿನ ಪೇಸ್ಟ್ ನಡೀತೈತಂತ ವಿಡಿಯೋ ಬಂದೈತಿ.

ಪಿಸಿ ಅಣ್ಣ: ಒಣಗಿ ಬಿರುಕು ಬಿಡ್ತೈತಿ, ಬಿಸಿ ಏರ್ತೈತಿ. ಹಲ್ಲಿಗೆ ಹಚ್ರಿ ಅದನ್ನ. ಅಡ್ಮಿನ್, ಇವರ ಫಾರ್ವರ್ಡ್ ಬಂದ್ ಮಾಡ್ರಿ, ಇಲ್ಲಾ ನಾ ಹೊಂಟೆ.

ಗದಗ ಹುಡುಗ: 720 ಮಾಡಿ ನೋಡ್ದೆ ಅಣ್ಣಾರ. 61 ಇದ್ದದ್ದು 62 ಆತು, ಕಾರ್ಡ್ 40 ಪರ್ಸೆಂಟ್. ಬಯಾಸ್ ಇಳಿಸ್ಕೊಂಡೀನಿ, ಯುಪಿಎಸ್ ಇಲ್ಲ. ಈಗ ಮಾಡ್ಲೇನ್ರಿ?

ಪಿಸಿ ಅಣ್ಣ: ಬ್ಯಾಡ! ನಾಳೆ ಯಾರದರ ಯುಪಿಎಸ್ ಕೇಳಿ ತರ್ರಿ. ಮೊದಲ ರ‍್ಯಾಮ್ ಹಾಕ್ರಿ.