ಸುಮಾ, ಅಳಿಯಂದ್ರು ಹಲ್ಲು ಕಡಿಯೋ ವಿಷ್ಯ

ಸುಮಾ, ನಿನ್ ಮೆಸೇಜ್ ಈಗ ನೋಡ್ದೆ ಕಣಮ್ಮ. ಅಳಿಯಂದ್ರು ನಿದ್ದೇಲಿ ಕರಕರ ಅಂತ ಹಲ್ಲು ಕಡೀತಾರೆ, ಜಂತುಹುಳದ ಮಾತ್ರೆ ಕೊಡ್ಲಾ ಅಂತ ಕೇಳಿದೀಯ. ಮಾತ್ರೆ ಕೊಟ್ಟು ಸುಮ್ನಾಗ್ಬೇಡ. ನಿಮ್ ದೊಡ್ಡಪ್ಪನ ಕಥೆ ಎಲ್ರಿಗೂ ಗೊತ್ತಿರೋದೇ, ಆದ್ರೂ ಹೇಳ್ತೀನಿ. ಆ ಪಾಲಿನ ಕೇಸು ನಡೀತಿದ್ದಾಗ ಹಗಲೆಲ್ಲಾ ತುಮಕೂರು ಕೋರ್ಟು, ಲಾಯರ್ ಮನೆ ಅಂತ ಅಲೆದು ಬಂದು ಮಲಗಿದ್ರೆ ರಾತ್ರಿಯೆಲ್ಲಾ ಬೀಸೋಕಲ್ಲು ತಿರುಗಿಸ್ದಂಗೆ ಸದ್ದು, ಎಬ್ಬಿಸಿ ಕೇಳಿದ್ರೆ ನಾನೆಲ್ಲಿ ಕಡ್ದೆ ಅಂತ ನನ್ ಮೇಲೇ ರೇಗೋರು. ಕಡಿಯೋರಿಗೆ ಗೊತ್ತಾಗಲ್ಲ, ಪಕ್ಕದಲ್ಲಿ ಮಲಗ್ದೋರಿಗೆ ನಿದ್ದೆ ಇಲ್ಲ. ಬೆಳಿಗ್ಗೆ ಎದ್ರೆ ದವಡೆ ಬಿಗಿ, ಕಣತಲೆ ನೋವು, ತಣ್ಣೀರು ಮುಕ್ಕಳಿಸಿದ್ರೆ ಜುಂ ಅನ್ನೋದು. ನಮ್ಮತ್ತೆ ಹುಳದ ಕಾಟ ಅಂತ ಬೇವಿನ ಕಷಾಯ ಕುಡಿಸಿದ್ದೇ ಕುಡಿಸಿದ್ದು. ಮುದ್ದೆ ನುಂಗೋ ಮನುಷ್ಯ, ಅಗಿಯೋ ಕೆಲಸಾನೇ ಇಲ್ಲ, ಆದ್ರೂ ದವಡೆ ಹಲ್ಲೆಲ್ಲಾ ಸವೆದು ಚಪ್ಪಟೆ! ಕೊನೆಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ತಾ ಕೂತಿದ್ದಾಗ, ಇಡ್ಲಿ ಕಣಮ್ಮ, ಕೋಡುಬಳೆ ಅಲ್ಲ, ಹಲ್ಲು ಎರಡು ಹೋಳಾಗಿ ಒಂದು ಚೂರು ಚಟ್ನಿ ಮೇಲೆ ಬಿತ್ತು. ಬಿರುಕು ಬೇರಿಗಂಟ ಇಳಿದಿತ್ತಂತೆ, ಕ್ಯಾಪ್ ಹಾಕೋ ಹಂಗೂ ಇರ್ಲಿಲ್ಲ, ಕಿತ್ತೇ ಹಾಕಿದ್ರು. ಅದಕ್ಕೇ ಹೇಳ್ತಿರೋದು, ಹುಳದ ಮಾತ್ರೆ ಕೊಟ್ಟು ಸುಮ್ನೆ ಕೂರ್ಬೇಡ.

ಅಷ್ಟು ಹಲ್ಲು ಕಡಿದ ಕೇಸಲ್ಲಿ ಸಿಕ್ಕಿದ್ದಾದ್ರೂ ಏನು, ಬಾವಿ ಇರೋ ತೋಟ ಮೈದುನಂಗೆ, ನಮಗೆ ಗರಿ ಒಣಗಿದ ಮರ. ಈ ಗ್ರೂಪಲ್ಲೇ ಇದಾರೆ, ಓದ್ಲಿ. ಇವ್ರು ಹಲ್ಲು ಕೀಳಿಸ್ಕೊಂಡು ಗಂಜಿ ಕುಡ್ಕೊಂಡು ಮಲಗಿದ್ದಾಗ ಒಂದು ಎಳನೀರು ಕಳಿಸಿದ್ರಾ? ಮರದ ತುಂಬಾ ಕಾಯಿ ಇತ್ತು.

ಅಯ್ಯೋ, ಹೇಳ್ಬೇಕಾಗಿದ್ದೇ ಮರೆತೆ. ಹಲ್ಲಿನ ಡಾಕ್ಟ್ರಿಗೆ ತೋರ್ಸು. ಹಲ್ಲಿನ ಅಚ್ಚು ತಗೊಂಡು ನೈಟ್ ಗಾರ್ಡ್ ಅಂತ ಮಾಡ್ಕೊಡ್ತಾರೆ, ಮಲಗೋವಾಗ ಹಾಕ್ಕೊಳೋದು. ಅದರಿಂದ ಕಡಿಯೋದು ನಿಂತೇಬಿಡುತ್ತೆ ಅಂತಲ್ಲ, ಹಲ್ಲು ಉಳಿಯುತ್ತೆ. ಬಿಸಿನೀರಲ್ಲಿ ತೊಳೀಬೇಡ, ಸೊಟ್ಟಗಾಗುತ್ತೆ. ಸಂಜೆ ಮೇಲೆ ಕಾಫಿ ಬೇಡ, ಸಿಗರೇಟು ಎಣ್ಣೆ ಇದ್ರೆ ಅದೂ ಬಿಡ್ಲಿ. ಹಗಲಲ್ಲೂ ಟೆನ್ಷನ್ನಲ್ಲಿ ಹಲ್ಲು ಕಚ್ಚಿ ಹಿಡಿದಿರ್ತಾರೆ ನೋಡು, ತುಟಿ ಮುಚ್ಚಿದ್ರೂ ಮೇಲಿನ ಹಲ್ಲು ಕೆಳಗಿನ ಹಲ್ಲು ತಾಕ್ಬಾರ್ದು ಅಂತ ಹೇಳು. ಮನಸ್ಸಿನ ಕಾಯಿಲೆಗೆ ಕೊಡೋ ಕೆಲವು ಮಾತ್ರೆಯಿಂದಲೂ ಹಿಂಗಾಗುತ್ತೆ, ತಗೊತಿದ್ರೆ ತಾವೇ ನಿಲ್ಲಿಸೋದು ಬೇಡ, ಬರ್ಕೊಟ್ಟ ಡಾಕ್ಟ್ರನ್ನೇ ಕೇಳ್ಲಿ. ಪುಟ್ಟನೂ ಕಡೀತಾನೆ ಅಂದಿದ್ಯಲ್ಲ, ಮಕ್ಕಳಿಗೆ ಬೆಳೀತಾ ಬೆಳೀತಾ ಸಾಮಾನ್ಯವಾಗಿ ತಾನೇ ಹೋಗುತ್ತೆ, ಒಂದ್ಸಲ ತೋರಿಸಿದ್ರೆ ಆಯ್ತು.

ಅಳಿಯಂದ್ರು ಗೊರಕೆನೂ ಹೊಡೀತಾರಾ, ಮಧ್ಯೆ ಉಸಿರು ನಿಂತು ದಡಕ್ಕಂತ ಏಳ್ತಾರಾ? ಹಂಗಿದ್ರೆ ಅದನ್ನ ಬೇರೆ ಡಾಕ್ಟ್ರಿಗೆ ತೋರಿಸ್ಬೇಕು, ಇವತ್ತು ರಾತ್ರಿ ನೋಡಿ ನಂಗೆ ಹೇಳು.