ಸುಪ್ತ ಮನಸ್ಸಿಗೆ ತಿಳಿಹೇಳೂದು ಹೆಂಗ? ಕನ್ನಡಿ ಮುಂದ 21 ದಿನ ನಿಂತ್ರ ಸಾಕೇನ್ರಿ?

ಬೆಟಗೇರಿ_ಮಗ್ಗ

ಧಾರವಾಡಕ್ಕ ಕೋಚಿಂಗಿಗೆ ಬಂದು ರೂಮ್ ಮಾಡ್ಕೊಂಡಿರೋ ಹುಡುಗ್ರನ್ನ ನೋಡ್ರಿ. ಉತ್ತರ ಗೊತ್ತಿರತೈತಿ, ಕೈ ಮಾತ್ರ ಮ್ಯಾಲೆ ಏಳಂಗಿಲ್ಲ. ಅಣಕು ಸಂದರ್ಶನ ಅಂದ್ರ ಅವತ್ತ ಜ್ವರ. ಇದು ಬುದ್ಧಿ ಕಡಿಮಿ ಇದ್ದದ್ದಕ್ಕಲ್ಲ, 'ನಮ್ಮಂಥೋರ ಕಡೆಯಿಂದ ಆಗಂಗಿಲ್ಲ' ಅನ್ನೂದು ಒಳಗ ಕುಂತುಬಿಟ್ಟೈತಿ, ಅದಕ್ಕ ಅಂತಾರ. ಅದನ್ನ ಎಬ್ಬಸಾಕ ಯೂಟ್ಯೂಬ್‌ನಾಗ ಮೂರು ಉಪಾಯ ಹೇಳತಾರ: ಮುಂಜಾನೆ ಕನ್ನಡಿ ಮುಂದ 'ನಾನು ಧೈರ್ಯವಂತ' ಅಂತ 21 ದಿನ ಹೇಳೂದು, ಗೆದ್ದಂಗ ಕಣ್ಣು ಮುಚ್ಚಿ ಕಲ್ಪನಾ ಮಾಡ್ಕೊಳ್ಳೂದು, ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಆಡಿಯೊ ಕೇಳ್ಕೊಂತ ಮಲಗೂದು. ಇದರಾಗ ಖರೇ ಕೆಲಸ ಮಾಡೂದು ಯಾವುದು? ದಿನಾ ಎಷ್ಟು ಹೊತ್ತು, ಎಷ್ಟು ದಿನ? 'ಪಾಸಿಟಿವ್ ಇರ್ರಿ' ಅನ್ನೋ ಉತ್ತರ ಮಾತ್ರ ಬ್ಯಾಡ್ರಿ.

ಅತ್ತಿಕೊಳ್ಳ_ಕಟ್ಟೆ

ಮೊದಲ ಆ 21ರ ಲೆಕ್ಕ ಬಿಡ್ರಿ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಾಗ ಬರೆದದ್ದು ಇಷ್ಟ: ಆಪರೇಷನ್ ಆದ ಮ್ಯಾಲೆ ಹೊಸ ಮುಖ ರೂಢಿ ಆಗ್ಲಿಕ್ಕೆ ಕಡಿಮಿ ಅಂದ್ರೂ ಸುಮಾರು 21 ದಿನ ಹಿಡೀತದ. 'ಕಡಿಮಿ ಅಂದ್ರೂ' ಅನ್ನೋ ಮಾತು ಬಾಯಿಂದ ಬಾಯಿಗೆ ಹೋಗೂದ್ರಾಗ ಉದುರಿ ಹೋತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದೀನ ತಗೊಂಡು ನೋಡಿದಾಗ, ಒಂದು ಸಣ್ಣ ರೂಢಿ ತಾನ ತಾನಾಗಿ ನಡೀಲಿಕ್ಕೆ ಮಧ್ಯದ ಲೆಕ್ಕ 66 ದಿನ ಬಂತು. ಒಬ್ಬೊಬ್ಬರಿಗೆ 18, ಒಬ್ಬೊಬ್ಬರಿಗೆ 254. (ಪ್ರಯೋಗ ನಡೆದದ್ದ 84 ದಿನ, 254 ಅನ್ನೋದು ಗ್ರಾಫಿನ ಗೆರಿ ಮುಂದ ಎಳೆದು ತೆಗೆದದ್ದು.) ನಡುವ ಒಂದು ದಿನ ತಪ್ಪಿದ್ರ ಹೇಳಿಕೊಳ್ಳೋ ಅಂಥ ನುಕಸಾನ ಕಾಣಲಿಲ್ಲ. ಈ ಮಾತು ನೆನಪಿಡ್ರಿ, ಯಾಕಂದ್ರ ಭಾಳ ಮಂದಿ ಬಿಡೂದು ಒಂದು ದಿನ ತಪ್ಪಿದ ಮರುದಿನ.

ಕನ್ನಡಿ ಮುಂದಿನ ವಾಕ್ಯ ಸೋಲೂದು ಯಾಕಂದ್ರ, ಬಾಯಿಮಾತು ಒಳಗಿನ ನಂಬಿಕಿಯಿಂದ ಭಾಳ ದೂರ ಇದ್ರ ಒಳಗಿಂದ ಕೂಡಲೆ ಎದುರುತ್ತರ ಬರತದ: 'ಮೊನ್ನೆ ಬಾಯಿ ಒಣಗಿದ್ದು ಮರೆತ್ಯಾ?' 2009ರಾಗ ಕೆನಡಾದಾಗ ಆದ ಪ್ರಯೋಗದಾಗ, ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ 'ನಾನು ಪ್ರೀತಿಗೆ ಅರ್ಹ' ಅನ್ನೋ ಅರ್ಥದ ವಾಕ್ಯ ಘಂಟಿ ಬಾರಿಸಿದಾಗೊಮ್ಮೆ ಹೇಳ್ಕೋರಿ ಅಂದ್ರು. ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಮೊದಲ ಆತ್ಮವಿಶ್ವಾಸ ಇದ್ದವರಿಗೆ ತುಸು ಲಾಭ ಆತು. ಹೊಟ್ಟಿ ತುಂಬಿದವನ ತಾಟಿಗೆ ಇನ್ನೊಂದು ಹೋಳಿಗಿ! ಒಂದ ಪ್ರಯೋಗ, ಅದನ್ನ ಶಾಸನ ಮಾಡಬ್ಯಾಡ್ರಿ.

ಅದರ ಬದಲಿ ಒಂದು ಗೊತ್ತಾದ ಗಳಿಗಿಗೆ ಒಂದು ಸಣ್ಣ ಕೆಲಸ ಕಟ್ಟಿಡ್ರಿ. 'ಖಾನಾವಳಿಯಿಂದ ಬಂದು ಚಪ್ಪಲಿ ಬಿಟ್ಟ ಕೂಡಲೆ, ಕುರ್ಚಿ ಮ್ಯಾಲೆ ಕೂತು ನಿನ್ನೆ ಬಿಟ್ಟ ಪುಟ ತಗೀತೀನಿ.' ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ 1990ರ ದಶಕದಿಂದ ತಿದ್ದಿಕೊಂಡು ಬಂದ ಪದ್ಧತಿ ಇದು. ಗುರುತು ಕಣ್ಣಿಗೆ ಬಿದ್ದ ಕೂಡಲೆ ಕೆಲಸ ಸುರು ಆಗಬೇಕು, ಮಾಡಲೋ ಬ್ಯಾಡೋ ಅನ್ನೋ ಚೌಕಾಶಿಗೆ ಸಮಯ ಸಿಗಬಾರದು. ಸುಪ್ತ ಮನಸ್ಸಿಗೆ ಭಾಷಣ ತಿಳಿಯೂದಿಲ್ಲ, ಗುರುತು ತಿಳೀತದ. ಒಮ್ಮೆಗೆ ಒಂದೋ ಎರಡೋ ಸಾಕು. ಹತ್ತು ವಾಕ್ಯ ಬರೆದು ಗೋಡೆಗೆ ಅಂಟಿಸಿದ್ರ ಅದು ಕ್ಯಾಲೆಂಡರ್ ಆಗತದ, ಅಷ್ಟ.

ಕಲ್ಪನಾ ಕೆಲಸಕ್ಕ ಬರತದ, ಆದ್ರ ಗೆದ್ದ ಚಿತ್ರ ಅಲ್ಲ, ಮಾಡೂ ಚಿತ್ರ. ಲಾಸ್ ಏಂಜಲೀಸಿನ ವಿದ್ಯಾರ್ಥಿಗಳ ಮ್ಯಾಲೆ ನಡೆಸಿ 1999ರಾಗ ಪ್ರಕಟ ಮಾಡಿದ ಪ್ರಯೋಗದಾಗ, ದಿನಾ 5 ನಿಮಿಷ ತಾವು ಓದೂ ರೀತಿ ಕಲ್ಪಿಸಿಕೊಂಡವರು ಹೆಚ್ಚು ಓದಿದರು, ಅಂಕವೂ ಹೆಚ್ಚು ಬಂದ್ವು. ಬರೇ ಒಳ್ಳೆ ಅಂಕ ಬಂದಂಗ ಕಲ್ಪಿಸಿಕೊಂಡವರಿಗೆ ಆ ಲಾಭ ಸಿಗಲಿಲ್ಲ. ಆದ್ದರಿಂದ ಬಾಗಿಲು ತೆಗೆಯೂದು, ಕುರ್ಚಿ ಎಳೆಯೂದು, ಮೊದಲ ವಾಕ್ಯ, ನಡುವ ತಡವರಿಸೂದು, ಮತ್ತ ಸುಧಾರಿಸಿಕೊಳ್ಳೂದು, ಇಷ್ಟೂ ಇರಲಿ. ಚಪ್ಪಾಳಿ ಬ್ಯಾಡ.

ಹಾವೇರಿ_ಏಲಕ್ಕಿ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. 'ನಗುತ್ತಾರೆ' ಎನ್ನುವ ಒಳನಂಬಿಕೆ ವಾದದಿಂದ ಬಿದ್ದುಹೋಗುವುದು ಕಡಿಮೆ. ಅದು ಹೇಳಿದ ಭವಿಷ್ಯ ಮತ್ತೆ ಮತ್ತೆ ಸುಳ್ಳಾಗಬೇಕು. ಅದಕ್ಕೆ ಏಣಿ ಕಟ್ಟಬೇಕು. ಭಯಕ್ಕೆ 0ಯಿಂದ 100ರವರೆಗೆ ಅಂಕ ಕೊಟ್ಟು ಆರೇಳು ಮೆಟ್ಟಿಲು ಬರೆಯಿರಿ. ಧಾರವಾಡದಲ್ಲೇ ಆದರೆ, ಸೂಪರ್ ಮಾರ್ಕೆಟ್ ಎನ್ನುವ ಪೇಟೆಯಲ್ಲಿ ಮೂರು ಕಡೆ ದರ ಕೇಳಿ ಏನೂ ಕೊಳ್ಳದೆ ಬರುವುದು 25 ಇರಬಹುದು. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಅಪರಿಚಿತರನ್ನು ಮಾತಾಡಿಸುವುದು 35. ತರಗತಿ ಮುಗಿದ ಮೇಲೆ ಸರ್ ಹತ್ತಿರ ಹೋಗಿ ಸಂದೇಹ ಕೇಳುವುದು 45, ತರಗತಿಯ ನಡುವೆಯೇ ಕೇಳುವುದು 60. ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸದ ನಂತರ ಸಂವಾದ ಇದ್ದ ದಿನ ಎದ್ದು ನಿಂತು ಪ್ರಶ್ನೆ ಹಾಕುವುದು 75. ಅಣಕು ಸಂದರ್ಶನ 90. ಶುರು 30–40ರ ಆಸುಪಾಸಿನಲ್ಲಿ. ಅದಕ್ಕಿಂತ ಕೆಳಗಿದ್ದರೆ ಕಲಿಯುವುದು ಕಡಿಮೆ, ಮೊದಲ ದಿನವೇ 90ಕ್ಕೆ ಜಿಗಿದರೆ ಅರ್ಧಕ್ಕೆ ಓಡಿಬರುತ್ತೀರಿ, ಆಗ ಭಯಕ್ಕೇ ಬಲ. ವಾರಕ್ಕೆ ನಾಲ್ಕೈದು ಸಲವಾದರೂ ಆಗಲಿ.

ಜೊತೆಗೊಂದು ನೋಟ್‌ಬುಕ್, ನಾಲ್ಕು ಕಾಲಂ. ಎಲ್ಲಿ, ಏನಾಗುತ್ತದೆ ಅನ್ನಿಸುತ್ತಿದೆ ಮತ್ತು ಆ ನಂಬಿಕೆ ಎಷ್ಟು, ನಿಜಕ್ಕೂ ಏನಾಯಿತು, ಈಗ ನಂಬಿಕೆ ಎಷ್ಟು. ಒಂದು ಸಾಲು ಹೀಗಿರುತ್ತದೆ: 'ಪಾಲಿಟಿ ಕ್ಲಾಸ್. ತಪ್ಪು ಹೇಳಿದರೆ ಎಲ್ಲರೂ ನಗುತ್ತಾರೆ, 80. ಮುಂದಿನ ಬೆಂಚಿನ ಒಬ್ಬ ತಿರುಗಿ ನೋಡಿದ, ಸರ್ ಸರಿಪಡಿಸಿ ಮುಂದೆ ಹೋದರು. 55.' ಮೊದಲ ಎರಡು ಕಾಲಂ ಹೋಗುವ ಮುಂಚೆಯೇ ಬರೆಯಬೇಕು. ಬಂದ ಮೇಲೆ ಬರೆದರೆ 'ನನಗೇನೂ ಅಷ್ಟು ಭಯವಿರಲಿಲ್ಲ' ಎಂದು ಮನಸ್ಸು ಹಳೇ ಲೆಕ್ಕವನ್ನೇ ತಿದ್ದಿಬಿಡುತ್ತದೆ.

ಇಷ್ಟು ಮಾಡಿಯೂ ಹೆಚ್ಚಿನವರು ಎಡವುವುದು ಊರುಗೋಲಿನಲ್ಲಿ. ಚೀಟಿ ನೋಡಿ ಓದುವುದು, ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು, ಒಂದೇ ಉಸಿರಿಗೆ ಹೇಳಿ ಮುಗಿಸುವುದು, ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಮೂರು ಸಲ ಉರುಹೊಡೆದು ಆಡುವುದು. ಇವಿದ್ದರೆ ಒಳಗಿನವ 'ಚೀಟಿ ಇತ್ತು, ಉಳಿದುಕೊಂಡೆ' ಎಂದೇ ಕಲಿಯುತ್ತಾನೆ. ಪ್ರತಿ ಮೆಟ್ಟಿಲಲ್ಲೂ ಯಾವ ಊರುಗೋಲು ಬಿಡುತ್ತೀರಿ ಎಂದು ಅದೇ ಸಾಲಿನಲ್ಲಿ ಬರೆದಿಡಿ.

ಬೆಟಗೇರಿ_ಮಗ್ಗ

ಭಾಳ ಉಪಯೋಗ ಆತ್ರಿ. ಇನ್ನೆರಡು ಡೌಟ್. ಎದಿ ಡವಡವ ಅನ್ನೂದು ನಿಲ್ಲೂತನಕ ಕಾಯಬೇಕೇನು? ಮತ್ತ, ಸಣ್ಣಾಂವಿದ್ದಾಗ ಆದದ್ದನ್ನ ಹುಡುಕಿ ತಗೀದಿದ್ರ ಬೇರು ಹಂಗ ಉಳೀತೈತಿ ಅಂತಾರಲ್ಲ?

ಉಣಕಲ್_ದಂಡೆ

ಕಾಯಬೇಡ್ರಿ. ಎದಿ ಬಡಿತಾನ ಇದ್ದರೂ ಮಾತು ಹೊರಗ ಬಂತು ಅನ್ನೂದು ಕಲಿಯಬೇಕಾದ ಪಾಠ. ಬೇಕಂದ್ರ ಹೋಗೂ ಮೊದಲು 2 ನಿಮಿಷ, 4 ಎಣಿಸಿ ಉಸಿರು ತಗೊಂಡು 6 ಎಣಿಸಿ ಬಿಡ್ರಿ. ಮಾತಿನ ನಡುವ ಎಣಿಸಾಕ ಕುಂತ್ರ ಅದೂ ಒಂದು ಊರುಗೋಲ.

ಬೇರು ಸಿಗದಿದ್ರೂ ರೂಢಿ ಬದಲಿ ಆಗತೈತಿ. 'ಹಿಪ್ನಾಟಿಸಂ ಮಾಡಿ ಬಾಲ್ಯಕ್ಕ ಕರಕೊಂಡು ಹೋಗತೀವಿ' ಅನ್ನೋ ಕೋರ್ಸಿಗೆ ರೊಕ್ಕ ಸುರೀಬೇಡ್ರಿ. ಆ ಸ್ಥಿತಿಯಾಗ ಸೂಚನೆ ಕೊಟ್ರ ಆಗದ ಘಟನಾನೂ ಆದಂಗ ನೆನಪು ಹುಟ್ಟತಾವು. ರಾತ್ರಿ ಆಡಿಯೊನೂ ಅಷ್ಟ. ಗಾಢ ನಿದ್ದಿಯಾಗ ಉಪದೇಶ ಒಳಗ ಹೋಗಂಗಿಲ್ಲ, ನಿದ್ದಿ ಮಾತ್ರ ಕೆಡತೈತಿ. ಹಗಲಿ ಮಾಡಿದ ಅಭ್ಯಾಸ ಗಟ್ಟಿ ಆಗೂದು ಆ ನಿದ್ದಿಯಾಗ, ಅದನ್ನ ಕೆಡಿಸ್ಕೊಂಡು ಏನ್ ಮಾಡ್ತೀರಿ? ಯೋಗನಿದ್ರೆ ಬೇರೆ ಮಾತು. ಎಚ್ಚರ ಇದ್ದ 20–30 ನಿಮಿಷ ಮೈ ಸಡಿಲ ಬಿಡೂದು, ಸುರುವಿಗೂ ಕೊನಿಗೂ ಒಂದ ಸಂಕಲ್ಪ ಮೂರು ಮೂರು ಸಲ. ದಣಿವಿಗೆ ಛಲೋ. ಏಣಿ ಹತ್ತೂದರ ಬದಲಿ ಆಗಂಗಿಲ್ಲ.

ಒಂದು ಗೆರಿ ಹಾಕ್ತೀನಿ. ವಾರಗಟ್ಟಲೆ ನಿದ್ದಿ, ಊಟ ಬಿಟ್ಟಿದ್ರ, ಸಾಯೂ ವಿಚಾರ ಬರಾಕತ್ತಿದ್ರ ಈ ನೋಟ್‌ಬುಕ್ ಸಾಲಂಗಿಲ್ಲ. ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರಿ ಐತಿ, ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕ ರಾತ್ರಿನೂ ಫೋನ್ ಹಚ್ಚಬಹುದು, ಕನ್ನಡದಾಗ ಮಾತಾಡತಾರ.

ಬೆಟಗೇರಿ_ಮಗ್ಗ

ಹಂಗಾದ್ರ ಈ ವಾಕ್ಯ ನಡೀತೈತೇನ್ರಿ: 'ಕ್ಲಾಸಿನಾಗ ಅವಕಾಶ ಸಿಕ್ಕಾಗ ಹೆದರದ ಮಾತಾಡತೀನಿ'?

ಅತ್ತಿಕೊಳ್ಳ_ಕಟ್ಟೆ

ಇಲ್ರೀ. 'ಅವಕಾಶ' ಕಣ್ಣಿಗೆ ಕಾಣೂ ವಸ್ತು ಅಲ್ಲ. 'ಹೆದರದ' ಅನ್ನೋದು ಕೈಕಾಲು ಮಾಡೂ ಕೆಲಸ ಅಲ್ಲ. 'ಮಾತಾಡತೀನಿ' ಅಂದ್ರ ಎಷ್ಟು? ಹಿಂಗ ಬರೀರಿ: 'ಮಂಗಳವಾರ ಸರ್ ಡಸ್ಟರ್ ಕೆಳಗಿಟ್ಟು ನಮ್ಮ ಕಡೆ ತಿರುಗಿದ ಕೂಡಲೆ, ಬಲಗೈ ಎತ್ತಿ "ಸರ್, ಒಂದು ಪ್ರಶ್ನೆ" ಅಂತೀನಿ.' ಪ್ರಶ್ನೆ ಸೋಮವಾರ ರಾತ್ರಿನ ಬರೆದಿಟ್ಟುಕೋರಿ. ಚೀಟಿ ಮಾತ್ರ ರೂಮಿನ್ಯಾಗ ಬಿಟ್ಟು ಹೋಗ್ರಿ.