ಕ್ವೀನ್ ಎಲಿಜಬೆತ್ 2 ಹಡಗು 39 ವರ್ಷ ಓಡಿದ್ದು ಹೇಗೆ?

ದುಬೈ ಕನ್ನಡಿಗ:
ಊರಿಂದ ಬಂದಿದ್ದ ಅಪ್ಪನನ್ನು ಹೋದ ವಾರ ಪೋರ್ಟ್ ರಶೀದ್‌ಗೆ ಕರೆದುಕೊಂಡು ಹೋಗಿದ್ದೆ. ಕ್ವೀನ್ ಎಲಿಜಬೆತ್ 2 ಅಲ್ಲೇ ನಿಂತಿದೆ, 2018ರಿಂದ ಹೋಟೆಲ್. ಡೆಕ್ ಮೇಲೆ ನಿಂತು ಅಪ್ಪ ಒಂದು ಮಾತು ಕೇಳಿದರು. 1969ರ ಮೇನಲ್ಲಿ ಇದು ಮೊದಲ ಸಲ ನ್ಯೂಯಾರ್ಕ್‌ಗೆ ಹೊರಟಾಗ ಜನ ಆಗಲೇ ಜೆಟ್ ವಿಮಾನದಲ್ಲಿ ಕೆಲವೇ ಗಂಟೆಗಳಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದರು, ಹಡಗಿಗೆ ಐದು ದಿನ ಬೇಕು, ಹಾಗಿದ್ದರೂ 2008ರವರೆಗೆ ಇದು ಓಡಿದ್ದು ಹೇಗೆ ಅಂತ. ನನಗೆ ಉತ್ತರ ಹೊಳೆಯಲಿಲ್ಲ. ಗೊತ್ತಿದ್ದವರು ಹೇಳಿ.

ಅಲೆಮಾರಿ:
ತಂದೆಯವರು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ! ಇದನ್ನು ಓಡಿಸುತ್ತಿದ್ದ ಕ್ಯುನಾರ್ಡ್ ಕಂಪನಿಯ ಹಳೆಯ ಹಡಗುಗಳಾದ ಕ್ವೀನ್ ಮೇರಿ 1967ರಲ್ಲಿ, ಕ್ವೀನ್ ಎಲಿಜಬೆತ್ 1968ರಲ್ಲಿ ಕೆಲಸ ನಿಲ್ಲಿಸಿದ್ದೇ ವಿಮಾನದಿಂದ. ಅವೆರಡೂ 118 ಅಡಿ ಅಗಲ, ಪನಾಮಾ ಕಾಲುವೆಯಲ್ಲಿ ಹಡಗನ್ನು ಏರಿಸಿ ಇಳಿಸುವ ಲಾಕ್ ಆಗ 110 ಅಡಿ, ಹಾಗಾಗಿ ಅಟ್ಲಾಂಟಿಕ್ ಬಿಟ್ಟು ಬೇರೆ ಕಡೆ ದುಡಿಯೋದು ಕಷ್ಟ. ಇದನ್ನು 105 ಅಡಿಗೆ ಕಟ್ಟಿದರು. ಮೇಲಿನ ಅಂತಸ್ತುಗಳಿಗೆ ಅಲ್ಯೂಮಿನಿಯಂ ಹಾಕಿದ್ದರಿಂದ ಹಗುರ, ನೀರಿನಲ್ಲಿ ಮುಳುಗುವ ಆಳವೂ ಕಡಿಮೆ, ಚಿಕ್ಕ ಬಂದರುಗಳಿಗೂ ಹೋಗಬಹುದು. ಬೇಸಿಗೆಯಲ್ಲಿ ಅಟ್ಲಾಂಟಿಕ್, ಚಳಿಗಾಲದಲ್ಲಿ ಬಿಸಿಲಿನ ದೇಶಗಳ ಸುತ್ತಾಟ. ಒಂದು ಕೆಲಸ ಕೈಕೊಟ್ಟರೂ ಇನ್ನೊಂದು ಇತ್ತು.

ಎಂಜಿನ್ ರೂಂ:
ಅದು ನಿಜ, ಆದರೆ ಹಳೆಯ ಎಂಜಿನ್ ಇಟ್ಟುಕೊಂಡಿದ್ದರೆ ಇಷ್ಟು ವರ್ಷ ಖಂಡಿತ ಬರುತ್ತಿರಲಿಲ್ಲ. ಮೂರು ಬಾಯ್ಲರ್, ಉಗಿಯ ಟರ್ಬೈನ್. ಶುರುವಿನಿಂದಲೇ ಕಾಟ. 1968ರ ಕೊನೆಯ ಪರೀಕ್ಷಾ ಓಟದಲ್ಲೇ ಟರ್ಬೈನ್ ಕೆಟ್ಟು ಕಂಪನಿ ಹಡಗನ್ನು ತೆಗೆದುಕೊಳ್ಳಲ್ಲ ಅಂದಿತ್ತು. 1974ರಲ್ಲಿ ಬರ್ಮುಡಾ ಹತ್ತಿರ ಬಾಯ್ಲರ್ ನಿಂತುಹೋಗಿ ಪ್ರಯಾಣಿಕರನ್ನು ನಡುಸಮುದ್ರದಲ್ಲೇ ಬೇರೆ ಹಡಗಿಗೆ ದಾಟಿಸಬೇಕಾಯಿತು. ಎಣ್ಣೆ ದುಬಾರಿಯಾದ ಮೇಲಂತೂ ಉಗಿ ಸಾಕೋದು ಆಗದ ಮಾತು. ಕೊನೆಗೆ 1986-87ರಲ್ಲಿ ಜರ್ಮನಿಯ ಬ್ರೆಮರ್‌ಹಾಫನ್‌ನಲ್ಲಿ ಸುಮಾರು ಆರು ತಿಂಗಳು ನಿಲ್ಲಿಸಿ ಅದೆಲ್ಲ ಕಿತ್ತು ಒಂಬತ್ತು ಡೀಸೆಲ್ ಎಂಜಿನ್ ಕೂರಿಸಿದರು. ಅವು ನೇರವಾಗಿ ಪ್ರೊಪೆಲ್ಲರ್ ತಿರುಗಿಸುತ್ತಿರಲಿಲ್ಲ, ಕರೆಂಟ್ ಹುಟ್ಟಿಸುತ್ತಿದ್ದವು, ಆ ಕರೆಂಟಿನಿಂದ ಓಡುವ ಎರಡು ದೊಡ್ಡ ಮೋಟಾರ್ ಪ್ರೊಪೆಲ್ಲರ್ ತಿರುಗಿಸುತ್ತಿದ್ದವು. ಇದರ ಸೊಗಸು ಏನಂದ್ರೆ, ಬೇಕಾದಷ್ಟೇ ಎಂಜಿನ್ ಓಡಿಸಿ ಉಳಿದದ್ದನ್ನು ಪ್ರಯಾಣದ ನಡುವೆಯೇ ರಿಪೇರಿ ಮಾಡಬಹುದಿತ್ತು. ನನ್ನ ಮಟ್ಟಿಗೆ ಆ ಹಡಗು ಎರಡು ಸಲ ಹುಟ್ಟಿದೆ.

ಅಲೆಮಾರಿ:
ಒಪ್ಪಿದೆ. ಅದಕ್ಕೂ ಮೊದಲು 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಹೋಗಿ ಬಂದಿದ್ದು ಮರೀಬೇಡಿ. ಕೆಲವೇ ದಿನಗಳಲ್ಲಿ ಹೆಲಿಕಾಪ್ಟರ್ ಇಳಿಯುವ ಜಾಗ ಕಟ್ಟಿ, ಕಾರ್ಪೆಟ್ ಮೇಲೆ ಹಲಗೆ ಹಾಸಿ, ಸುಮಾರು 3,000 ಸೈನಿಕರನ್ನು ಹತ್ತಿಸಿಕೊಂಡು ಸೌತಾಂಪ್ಟನ್ ಬಿಟ್ಟಿತು. ವಾಪಸ್ ಬರುವಾಗ ಮುಳುಗಿದ ಮೂರು ಯುದ್ಧನೌಕೆಗಳಲ್ಲಿ ಬದುಕುಳಿದವರು ಅದರಲ್ಲಿದ್ದರು. ನನಗೆ ಆ ವಾಪಸ್ ಪ್ರಯಾಣವೇ ಜಾಸ್ತಿ ನೆನಪಾಗುತ್ತೆ.

ದುಬೈ ಕನ್ನಡಿಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲ್ಲಾ ಅಪ್ಪನಿಗೆ ಓದಿ ಹೇಳಿದೆ. ಎಂಜಿನ್ ಬದಲಾಯಿಸಿದ್ದಕ್ಕೆ ಹೊರಗಡೆ ಏನಾದರೂ ಗುರುತು ಕಾಣುತ್ತಾ ಅಂತ ಕೇಳುತ್ತಿದ್ದಾರೆ.

ಎಂಜಿನ್ ರೂಂ:
ಕಾಣುತ್ತೆ. ಚಿಮಣಿ ನೋಡಿ. 1969ರಲ್ಲಿ ಅದು ತೆಳ್ಳಗಿತ್ತು. ಒಂಬತ್ತು ಎಂಜಿನ್‌ಗಳ ಹೊಗೆ ಕೊಳವೆ ಹಿಡಿಸಬೇಕಾದ್ದರಿಂದ ಈಗಿರೋದು ದಪ್ಪ. ಹಳೆಯ ಫೋಟೋ ಒಂದನ್ನು ನಿಮ್ಮ ಫೋಟೋ ಪಕ್ಕ ಇಟ್ಟು ಅಪ್ಪನಿಗೆ ತೋರಿಸಿ.